ಕಣ್ಣು ಮಂದ, ಕಿವಿ ಮಂದ ಇರೋ ಮಕ್ಕಳು: ವಿಶೇಷ ಶಿಕ್ಷಕಿಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಬ್ಲಾಕಿನ ಬಿ.ಐ.ಇ.ಆರ್.ಟಿ. (ವಿಶೇಷ ಅಗತ್ಯದ ಮಕ್ಕಳ ಶಿಕ್ಷಕಿ) ಮೇಡಂ ಇವತ್ತು ಸಂಜೆ ಗುಂಪಿನಲ್ಲಿರ್ತಾರೆ. ಕೇಳಿ. ಮಕ್ಕಳ ಹೆಸರು, ಫೋಟೊ ಬೇಡ.

ಗಣಿತ ಮೇಷ್ಟ್ರು: ಐದನೇ ಕ್ಲಾಸಿನ ಹುಡುಗ ಬೋರ್ಡ್ ಬಿಟ್ಟು ಪಕ್ಕದವನ ನೋಟ್ಸ್ ನೋಡಿ ಬರೀತಾನೆ. ಮುಂದಿನ ಬೆಂಚಲ್ಲಿ ಕೂರಿಸಿದ್ರೆ ಸಾಕಾ ಮೇಡಂ?

ವಿಶೇಷ ಶಿಕ್ಷಕಿ: ಸಾಲದು ಸರ್. ಮುಂದೆ ಕೂರಿಸಿ, ಜೊತೆಗೆ ತಾಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಆರ್‌ಬಿಎಸ್‌ಕೆ ತಂಡ (ಶಾಲೆಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡೋರು) ಬರಲಿ ಅಂತ ಕಾಯಬೇಡಿ.

ನಲಿಕಲಿ ಟೀಚರ್: ಎರಡನೇ ಕ್ಲಾಸಿನ ಹುಡುಗಿ. ಒಂದಿನ ಚೆನ್ನಾಗಿ ಉತ್ತರ ಕೊಡ್ತಾಳೆ, ಇನ್ನೊಂದಿನ ಹಿಂದಿನಿಂದ ಕೂಗಿದ್ರೂ ತಿರುಗಲ್ಲ. ಹಠಮಾರಿ ಅಂತಾರೆ ಎಲ್ಲರೂ. ಎಡಗಿವಿ ಸೋರುತ್ತೆ, ಹತ್ತಿರ ಹೋದ್ರೆ ವಾಸನೆ. ಅಜ್ಜಿ ಬೆಳ್ಳುಳ್ಳಿ ಎಣ್ಣೆ ಬಿಡ್ತಾರಂತೆ.

ವಿಶೇಷ ಶಿಕ್ಷಕಿ: ಟೀಚರ್, ಇದು ಹಠ ಅಲ್ಲ. ಒಂದಿನ ಕೇಳಿಸಿ ಒಂದಿನ ಕೇಳಿಸದೇ ಇರೋದೇ ಗುರುತು. ನೆಗಡಿ ಆದಾಗ ಕಿವಿತಮಟೆ ಹಿಂದೆ ನೀರು ತುಂಬುತ್ತೆ, ತಮಟೆ ತೂತಾದ್ರೆ ಹೊರಗೆ ಸೋರುತ್ತೆ. ನನಗೆ ಭಯ ಆಗಿದ್ದು ನೀವು ವಾಸನೆ ಅಂದಿದ್ದಕ್ಕೆ. ಅಂಥ ಸೋರಿಕೆ ಕೆಲವು ಸಲ ಒಳಗಿನ ಎಲುಬನ್ನೇ ಸವೆಸುತ್ತೆ. ಈ ವಾರವೇ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಆ ಎಣ್ಣೆ ಇವತ್ತೇ ನಿಲ್ಲಬೇಕು. ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಹಚ್ಚಿದ ಹತ್ತಿ ಕಿವಿಗೆ ಇಡೋಕೆ ಹೇಳಿ.
ಡಾಕ್ಟರ್ ಹತ್ರ ಹೋಗೋ ಮೊದಲು ಒಂದು ಕೆಲಸ ಮಾಡಿ. ಅವಳ ಬೆನ್ನ ಹಿಂದೆ ಒಂದು ತೋಳಿನಷ್ಟು ದೂರ ನಿಂತು, ಪಿಸುಮಾತಲ್ಲಿ "ಸರ", "ಮರ", "ಕರ" ಅಂತ ಹೇಳಿ, ಅವಳಿಂದ ಮತ್ತೆ ಹೇಳಿಸಿ ನೋಡಿ. ತಪ್ಪಿದ್ದನ್ನ ಬರೆದು ಡಾಕ್ಟರಿಗೆ ಕೊಡಿ. ಕ್ಲಾಸಲ್ಲಿ ಬಲಗಿವಿ ನಿಮ್ಮ ಕಡೆ ಬರೋ ಹಾಗೆ ಕೂರಿಸಿ. ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ. ಕಿಟಕಿಗೆ ಬೆನ್ನು ಕೊಟ್ಟು ನಿಂತ್ರೆ ನಿಮ್ಮ ಮುಖ ಕತ್ತಲಾಗಿ ತುಟಿ ಕಾಣಲ್ಲ.

ದೈಹಿಕ ಶಿಕ್ಷಕರು: ಫಾರ್ವರ್ಡ್ ಬಂದಿದೆ: ಏಳು ದಿನ ಕಣ್ಣಿಗೆ ಜೇನುತುಪ್ಪ ಬಿಟ್ಟರೆ ಕನ್ನಡಕ ಬೇಡ, ಕಿವಿಗೆ ಈರುಳ್ಳಿ ರಸ.

ವಿಶೇಷ ಶಿಕ್ಷಕಿ: ದಯವಿಟ್ಟು ಅಳಿಸಿ. ತಮಟೆ ತೂತಿದ್ದರೆ ಆ ರಸ ನೇರ ಒಳಗೆ ಹೋಗುತ್ತೆ. ಜೇನು ಕನ್ನಡಕದ ನಂಬರ್ ಇಳಿಸಲ್ಲ, ಕಣ್ಣಿಗೆ ಸೋಂಕು ತರಬಹುದು.

ದೈಹಿಕ ಶಿಕ್ಷಕರು: ನಮ್ಮ ಮನೇಲಿ ತಲತಲಾಂತರದಿಂದ ಮಾಡಿದ್ದು.

ವಿಶೇಷ ಶಿಕ್ಷಕಿ: ನಿಮ್ಮ ಮನೆಯ ಮಾತು ಬೇರೆ. ಇಲ್ಲಿ ಇದನ್ನ ಓದಿ ಯಾರೋ ಮಗುವಿಗೆ ಹಾಕ್ತಾರೆ.

ಮುಖ್ಯ ಶಿಕ್ಷಕರು: ಇಂಥ ಮಕ್ಕಳನ್ನ ವಿಶೇಷ ಶಾಲೆಗೆ ಕಳಿಸೋದೇ ಸರಿ. ನಮಗೆ ನಲವತ್ತು ಮಕ್ಕಳು.

ನಲಿಕಲಿ ಟೀಚರ್: ಸರ್, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇದ್ರೂ ಪಕ್ಕದ ಶಾಲೆಯಲ್ಲಿ ಓದೋ ಹಕ್ಕಿದೆ. ವಿಶೇಷ ಶಾಲೆ ಬೇಕಾ ಅನ್ನೋದು ಮಗುವಿನ ಆಯ್ಕೆ.

ಮುಖ್ಯ ಶಿಕ್ಷಕರು: ಕಾಯ್ದೆ ಹೇಳೋದು ಸುಲಭ ಟೀಚರ್. ರಿಸಲ್ಟ್ ಕೇಳೋದು ನನ್ನ.

ನಲಿಕಲಿ ಟೀಚರ್: ಅವಳಿಗೆ ಕೇಳಿಸಿದ್ರೆ ರಿಸಲ್ಟೂ ಬರುತ್ತೆ.

ಅಂಗನವಾಡಿ ಕಾರ್ಯಕರ್ತೆ: ನಮ್ಮಲ್ಲಿ ನಾಲ್ಕು ವರ್ಷದ ಮಗುವಿಗೆ ಮೆಳ್ಳೆಗಣ್ಣು. ಅದೃಷ್ಟ ಅಂತ ಮನೆಯವರು ತೋರಿಸ್ತಿಲ್ಲ.

ವಿಶೇಷ ಶಿಕ್ಷಕಿ: ಈಗಲೇ ತೋರಿಸಿ. ತಡವಾದ್ರೆ ಆ ಕಣ್ಣು ನೋಡೋದನ್ನೇ ಕಲಿಯಲ್ಲ.

ಕನ್ನಡ ಮೇಡಂ: ಹಿಯರಿಂಗ್ ಏಡ್ ಕುಂಯ್ ಅಂತ ಕೂಗುತ್ತೆ, ಹುಡುಗ ತೆಗೆದಿಡ್ತಾನೆ.

ವಿಶೇಷ ಶಿಕ್ಷಕಿ: ಸಾಮಾನ್ಯವಾಗಿ ಕಿವಿಯೊಳಗೆ ಕೂರೋ ಅಚ್ಚು ಸಡಿಲ ಆಗಿರುತ್ತೆ. ಕಿವಿ ಬೆಳೆದಿದೆ, ಹೊಸ ಅಚ್ಚು ಮಾಡಿಸಿ.

ಸಮಾಜ ಮೇಷ್ಟ್ರು: ಬ್ರೈಲ್ ಪುಸ್ತಕ ಎಲ್ಲಿ ಸಿಗುತ್ತೆ?

ವಿಜ್ಞಾನ ಮೇಷ್ಟ್ರು: ಮೇಡಂ, ಬೋರ್ಡ್ ಕಾಣದ ಮಗುವನ್ನ ಮುಂದೆ ಕೂರಿಸಿದ್ರೆ ಸಾಕಾ?

ವಿಶೇಷ ಶಿಕ್ಷಕಿ: ಮೇಲೆ ಓದಿ.

ವಿಜ್ಞಾನ ಮೇಷ್ಟ್ರು: ಕನ್ನಡಕ ಹಾಕಿದ್ರೆ ನಂಬರ್ ಏರುತ್ತಂತೆ?

ವಿಶೇಷ ಶಿಕ್ಷಕಿ: ಇಲ್ಲ.

ದೈಹಿಕ ಶಿಕ್ಷಕರು: ಕೇಳೋದೂ ತಪ್ಪಾ ಈ ಗುಂಪಲ್ಲಿ?

ವಿಶೇಷ ಶಿಕ್ಷಕಿ: ನಲಿಕಲಿ ಟೀಚರ್, ಅಜ್ಜಿ ಒಪ್ಪಿದ್ರಾ? ನಾಳೆ ಬೆಳಗಿನ ಮೊದಲ ಬಸ್ಸಿಗೇ ಕರ್ಕೊಂಡು ಬನ್ನಿ. ಓಪಿಡಿ ಹತ್ರ ನಾನಿರ್ತೀನಿ.

ನಲಿಕಲಿ ಟೀಚರ್: ಈಗ ಅವರ ಮನೆಗೇ ಹೊರಟಿದೀನಿ ಮೇಡಂ.

ಸಮಾಜ ಮೇಷ್ಟ್ರು: ಬ್ರೈಲ್ ಪುಸ್ತಕದ ಬಗ್ಗೆ ಕೇಳಿದ್ದೆ…