ಥ್ಯಾಂಕ್ಸ್‌ಗಿವಿಂಗ್‌ಗೆ ಎಡಿಸನ್‌ನಿಂದ ವೆಸ್ಟ್‌ಬರೋ: ಮೊಟ್ಟೆಯಿಲ್ಲದ ಪೈ ಕಾರಲ್ಲಿ ಕೆಡದೆ ತಲುಪುತ್ತಾ?

ಬಜ್ಜಿಬೋಂಡಾ:

ಎಲ್ಲರಿಗೂ ನಮಸ್ಕಾರ. ಈ ಸಲ ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಅಮೆರಿಕದ ಕೃತಜ್ಞತೆಯ ಹಬ್ಬ) ನ್ಯೂಜೆರ್ಸಿಯ ಎಡಿಸನ್‌ನಿಂದ ಮ್ಯಾಸಚೂಸೆಟ್ಸ್‌ನ ವೆಸ್ಟ್‌ಬರೋಗೆ, ಸ್ನೇಹಿತರ ಮನೆಗೆ ಕಾರಲ್ಲಿ ಹೊರಟಿದ್ದೇವೆ. ಊಟಕ್ಕೆ 12 ಜನ. ಐದು ಜನ ಮೊಟ್ಟೆ ಮುಟ್ಟುವುದಿಲ್ಲ. ಇಬ್ಬರು ಅಮೆರಿಕದವರು, ಪಂಪ್‌ಕಿನ್ (ಸಿಹಿಕುಂಬಳ) ಪೈ ಇಲ್ಲದಿದ್ದರೆ ಅವರಿಗೆ ಅದು ಹಬ್ಬವೇ ಅಲ್ಲ. ಸಿಹಿ ಪೂರ್ತಿ ನಮ್ಮ ಪಾಲಿಗೆ ಬಂದಿದೆ, ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ಇದ್ದೇವೆ.

ಯಾವ ಪೈ ನಾಲ್ಕೈದು ಗಂಟೆ ಪ್ರಯಾಣ ತಡೆಯುತ್ತೆ? ಮೊಟ್ಟೆ ಇಲ್ಲದೆ ಪಂಪ್‌ಕಿನ್ ಪೈ ಗಟ್ಟಿಯಾಗಿ ನಿಲ್ಲುತ್ತಾ? ಯಾವಾಗ ಹೊರಟರೆ ಟ್ರಾಫಿಕ್ ತಪ್ಪುತ್ತೆ? ಇನ್ನೊಂದು: ಊಟಕ್ಕೆ ಮುಂಚೆ ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರು ಅಂತ ಹೇಳುವ ಪದ್ಧತಿ ಇದೆಯಲ್ಲ, ಅದನ್ನು ಮುಜುಗರ ಆಗದ ಹಾಗೆ ಮಾಡೋದು ಹೇಗೆ? ಇಬ್ಬರು ಸ್ನೇಹಿತರು ಡಲ್ಲಾಸ್‌ನಿಂದ ವಿಮಾನದಲ್ಲಿ ಬರುತ್ತಾರೆ, ಅವರು ಏನು ತರಬಹುದು ಅನ್ನೋದನ್ನೂ ಹೇಳಿ.

ಒಲೆಮುಂದೆ:

ಎರಡು ಪೈ ಮಾಡಿ. ಒಂದು ಆಪಲ್, ಒಂದು ಪಂಪ್‌ಕಿನ್. ಪ್ರಯಾಣಕ್ಕೆ ಆಪಲ್ ಪೈಯನ್ನು ಮೀರಿಸಿದ್ದು ಇಲ್ಲ. ಅದರಲ್ಲಿ ಮೊಟ್ಟೆಯ ಕೆಲಸವೇ ಇಲ್ಲ (ಮೇಲೆ ಹೊಳಪಿಗೆ ಮೊಟ್ಟೆಯ ಬದಲು ಹಾಲು ಸವರಿ), ಹಣ್ಣು ಸಕ್ಕರೆಯದಾದ್ದರಿಂದ ಒಂದೆರಡು ದಿನ ಹೊರಗಿಟ್ಟರೂ ಕೆಡುವುದಿಲ್ಲ. ಪಂಪ್‌ಕಿನ್ ಹಾಗಲ್ಲ. ಮೊಟ್ಟೆ ಇರಲಿ ಬಿಡಲಿ, ಹಾಲಿನ ಅಂಶ ಇರುವ ಮೆತ್ತಗಿನ ಪದಾರ್ಥ, ಫ್ರಿಜ್‌ನ ಹೊರಗೆ 2 ಗಂಟೆ ಮೀರಿ ಇಡಬಾರದು. ಅದಕ್ಕೆ ಐಸ್‌ಪ್ಯಾಕ್ ಹಾಕಿದ ಕೂಲರ್ ಬೇಕೇ ಬೇಕು.

ಮೊದಲು ಹಿಟ್ಟು, ಏಕೆಂದರೆ ನಮ್ಮವರು ಎಡವೋದು ಅಲ್ಲೇ. 320 ಗ್ರಾಂ ಮೈದಾ (ಅಲ್ಲಿನ ಅಳತೆಯಲ್ಲಿ ಎರಡೂವರೆ ಕಪ್), 226 ಗ್ರಾಂ ಬೆಣ್ಣೆ ಅಂದರೆ 2 ಸ್ಟಿಕ್, 1 ಟೀ ಚಮಚ ಉಪ್ಪು, 1 ಟೇಬಲ್ ಚಮಚ ಸಕ್ಕರೆ, 6ರಿಂದ 8 ಟೇಬಲ್ ಚಮಚ ಐಸ್ ನೀರು. ಇದು 9 ಇಂಚಿನ ಎರಡು ಹಾಳೆಗೆ (ಲಟ್ಟಿಸಿ ಪೈ ತಟ್ಟೆಗೆ ಹಾಸುವ ಪದರ) ಆಗುತ್ತೆ. ಆಪಲ್ ಪೈಗೆ ಕೆಳಗೊಂದು, ಮೇಲೊಂದು ಬೇಕು, ಪಂಪ್‌ಕಿನ್‌ಗೆ ಕೆಳಗಿನದು ಮಾತ್ರ. ಹಾಗಾಗಿ ಒಟ್ಟು ಇದರ ಒಂದೂವರೆ ಪಾಲು ಕಲಸಿಕೊಳ್ಳಿ. ಬೆಣ್ಣೆ ಫ್ರಿಜ್‌ನಿಂದ ಆಗ ತಾನೇ ತೆಗೆದದ್ದಿರಬೇಕು. ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ, ಬಟಾಣಿ ಗಾತ್ರದ ಚೂರು ಉಳಿದಿರುವಾಗಲೇ ನಿಲ್ಲಿಸಿ. ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಒಗ್ಗೂಡಿದರೆ ಸಾಕು. ಕೈ ತಾನಾಗಿ ಚಪಾತಿ ಹಿಟ್ಟಿನ ಹಾಗೆ ನಾದೋಕೆ ಹೋಗುತ್ತೆ, ಬಿಡಬೇಡಿ. ನಾದಿದರೆ ಜಿಗುಟು ಬಂದು, ಬೇಯುವಾಗ ಅಂಚು ತಟ್ಟೆಯಿಂದ ಕೆಳಗೆ ಜಾರುತ್ತೆ, ತಿನ್ನೋಕೆ ಬಿರುಸಾಗುತ್ತೆ. ಉಂಡೆಗಳನ್ನು ಚಪ್ಪಟೆ ಮಾಡಿ ಸುತ್ತಿ ಫ್ರಿಜ್‌ನಲ್ಲಿ ಕನಿಷ್ಠ 1 ಗಂಟೆ.

ಆಪಲ್ ಪೈಗೆ ಒಂದೂಕಾಲು ಕಿಲೋ ಸೇಬು. ಮುಕ್ಕಾಲು ಪಾಲು ಗ್ರಾನಿ ಸ್ಮಿತ್, ಉಳಿದದ್ದು ಹನಿಕ್ರಿಸ್ಪ್ ಅಥವಾ ಗೋಲ್ಡನ್ ಡೆಲಿಷಿಯಸ್. ಮ್ಯಾಕಿಂಟಾಷ್ ಬೇಡ, ಬೆಂದು ಮುದ್ದೆ ಆಗುತ್ತೆ. ಸಿಪ್ಪೆ ತೆಗೆದು ಹೋಳು ಮಾಡಿ 150 ಗ್ರಾಂ ಸಕ್ಕರೆ, 1 ಚಮಚ ಚಕ್ಕೆಪುಡಿ, ಕಾಲು ಚಮಚ ಉಪ್ಪು, 1 ಟೇಬಲ್ ಚಮಚ ನಿಂಬೆರಸ ಹಾಕಿ ಅಗಲವಾದ ಬಾಣಲೆಯಲ್ಲಿ ಮುಚ್ಚಿ 10 ನಿಮಿಷ ಬೇಯಿಸಿ. ಹೋಳು ಬಗ್ಗಬೇಕು, ಮುರಿಯಬಾರದು. ಹಸಿ ಸೇಬು ತುಂಬಿದರೆ ಅದು ಓವನ್‌ನಲ್ಲಿ ಕುಗ್ಗುತ್ತೆ, ಮೇಲಿನ ಹಾಳೆ ಇದ್ದಲ್ಲೇ ಗಟ್ಟಿಯಾಗುತ್ತೆ, ನಡುವೆ ಪೊಳ್ಳು. ಮನೆಯಲ್ಲಿ ತಿನ್ನೋಕೆ ಪರವಾಗಿಲ್ಲ, ಕಾರಿನ ಕುಲುಕಾಟಕ್ಕೆ ಆ ಚಾವಣಿ ಕುಸಿಯುತ್ತೆ. ಬೆಂದ ಮೇಲೆ ಪೂರ್ತಿ ಆರಿಸಿ 3 ಟೇಬಲ್ ಚಮಚ ಕಾರ್ನ್‌ಸ್ಟಾರ್ಚ್ ಬೆರೆಸಿ ತುಂಬಿ. ಮೇಲಿನ ಹಾಳೆ ಮುಚ್ಚಿ, ಅಂಚು ಒತ್ತಿ, ಉಗಿ ಹೋಗಲು ನಾಲ್ಕೈದು ಕಡೆ ಸೀಳಿ. 425 ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ, ಆಮೇಲೆ 375ಕ್ಕೆ ಇಳಿಸಿ 35ರಿಂದ 45 ನಿಮಿಷ. ಸೀಳಿನಲ್ಲಿ ರಸ ಮಂದವಾಗಿ ಗುಳುಗುಳು ಅನ್ನುವವರೆಗೆ ತೆಗೆಯಬೇಡಿ, ಬಣ್ಣ ನೋಡಿ ತೆಗೆದರೆ ಒಳಗಿನ ರಸ ನೀರಾಗಿಯೇ ಉಳಿದಿರುತ್ತೆ. 4 ಗಂಟೆ ಆರದೆ ಚಾಕು ಹಾಕುವಂತಿಲ್ಲ.

ಪಂಪ್‌ಕಿನ್, ಮೊಟ್ಟೆ ಇಲ್ಲದ್ದು: ಪಂಪ್‌ಕಿನ್ ಪ್ಯೂರಿ (ಬೇಯಿಸಿ ಅರೆದದ್ದು) 425 ಗ್ರಾಂ ಡಬ್ಬಿ ಒಂದು, ಕಂಡೆನ್ಸ್‌ಡ್ ಮಿಲ್ಕ್ 396 ಗ್ರಾಂ ಡಬ್ಬಿ ಒಂದು, 3 ಟೇಬಲ್ ಚಮಚ ಕಾರ್ನ್‌ಸ್ಟಾರ್ಚ್ ಅನ್ನು ಕಾಲು ಕಪ್ ತಣ್ಣನೆ ಹಾಲಲ್ಲಿ ಕದಡಿದ್ದು, ಒಂದೂವರೆ ಚಮಚ ಚಕ್ಕೆ, 1 ಚಮಚ ಒಣಶುಂಠಿ, ಕಾಲು ಚಮಚ ಜಾಯಿಕಾಯಿ, ಅರ್ಧ ಚಮಚ ಉಪ್ಪು. ಬೇರೆ ಸಕ್ಕರೆ ಬೇಡ. ಡಬ್ಬಿ ತಗೊಳ್ಳುವಾಗ ಪ್ಯೂರಿ ಅಂತ ಇರೋದನ್ನೇ ಆರಿಸಿ. ಪಕ್ಕದಲ್ಲೇ ಅದೇ ಬಣ್ಣದ ಪೈ ಮಿಕ್ಸ್ ಇರುತ್ತೆ, ಅದಕ್ಕೆ ಆಗಲೇ ಸಕ್ಕರೆ ಮಸಾಲೆ ಬೆರೆತಿದೆ. ಕಾರ್ನ್ ಫ್ಲೋರ್ ಅನ್ನೋ ಪೊಟ್ಟಣ ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟು, ಅದೂ ಬೇಡ.

ಮೊಟ್ಟೆ ಹಾಕಿದ್ದು ಸುಮಾರು 175 ಡಿಗ್ರಿಗೇ ಗಟ್ಟಿ ಕಟ್ಟುತ್ತೆ. ಕಾರ್ನ್‌ಸ್ಟಾರ್ಚ್‌ಗೆ ಅಷ್ಟು ಸಾಲದು, 200ರ ಹತ್ತಿರ ಹೋಗಬೇಕು, ಓವನ್‌ನಲ್ಲಿ ಪೈಯ ನಡುಭಾಗ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಂಚು ಸೀದಿರುತ್ತೆ. ಅದಕ್ಕೇ ಮೊಟ್ಟೆಯಿಲ್ಲದ ಪೈ ಹೆಚ್ಚಿನವರ ಮನೇಲಿ ನಡುವೆ ಪಾಯಸ. ಉಪಾಯ ಸುಲಭ: ಪ್ಯೂರಿಯನ್ನು ಬಾಣಲೆಯಲ್ಲಿ 5 ನಿಮಿಷ ಬಾಡಿಸಿ ನೀರು ಆರಿಸಿ, ಉಳಿದದ್ದೆಲ್ಲ ಸೇರಿಸಿ, ಕೈ ಬಿಡದೆ ತಿರುವುತ್ತಾ ಕೊತ ಕೊತ ಅನ್ನುವವರೆಗೆ ಕುದಿಸಿ. ಅರ್ಧ ಬೆಂದ ಹಾಳೆಗೆ ಸುರಿದು 350ರಲ್ಲಿ 30 ನಿಮಿಷ ಸಾಕು. ಹಾಳೆಯನ್ನು ಅರ್ಧ ಬೇಯಿಸಲು ಬೇಕಿಂಗ್ ಪೇಪರ್ ಹಾಸಿ ಒಣ ಅಲಸಂದೆ ತುಂಬಿ 400ರಲ್ಲಿ 18 ನಿಮಿಷ, ಕಾಳು ಪೇಪರ್ ತೆಗೆದು ಇನ್ನೂ 6 ನಿಮಿಷ. (ಆ ಕಾಳು ಆಮೇಲೆ ಸಾರಿಗೆ ಬರಲ್ಲ, ಮುಂದಿನ ಪೈಗೆ ಎತ್ತಿಡಿ.) ರಾತ್ರಿಯಿಡೀ ಫ್ರಿಜ್‌ನಲ್ಲಿ ಇರಲಿ. ಪೂರ್ತಿ ತಣ್ಣಗಾಗುವ ಮುಂಚೆ ಮುಚ್ಚಿದರೆ ಮುಚ್ಚಳದ ಬೆವರು ಪೈ ಮೇಲೆ ತೊಟ್ಟಿಕ್ಕುತ್ತೆ.

ಹೈವೇ84:

ದಾರಿ ವಿಷ್ಯ ನಾನು ಹೇಳ್ತೀನಿ. ಬುಧವಾರ ಮಧ್ಯಾಹ್ನ ಹೊರಡೋದು ಬೇಡವೇ ಬೇಡ, ವರ್ಷದಲ್ಲೇ ಕೆಟ್ಟ ಹೊತ್ತು ಅದು. ಬುಧವಾರ ಬೆಳಗ್ಗೆ 10ರೊಳಗೆ ಬಿಡಿ, ಇಲ್ಲಾಂದ್ರೆ ಗುರುವಾರ ಬೆಳಗ್ಗೆ 6ಕ್ಕೆ. ಗುರುವಾರ ಬೆಳಗ್ಗೆ ರಸ್ತೆ ಖಾಲಿ ಇರುತ್ತೆ, ಸುಮಾರು 200 ಮೈಲಿ, ನಾಲ್ಕು ಗಂಟೇಲಿ ಆರಾಮಾಗಿ ತಲುಪ್ತೀರಿ.

ಫೋನು 95ನೇ ಹೆದ್ದಾರಿ ತೋರಿಸಿದ್ರೂ ಜಾರ್ಜ್ ವಾಷಿಂಗ್ಟನ್ ಸೇತುವೆ ಕಡೆ ತಲೆ ಹಾಕ್ಬೇಡಿ. ಆಮೇಲೆ ಸ್ಟ್ಯಾಮ್‌ಫರ್ಡ್‌ನಿಂದ ನ್ಯೂ ಹೇವನ್‌ವರೆಗೂ ತೆವಳ್ಬೇಕಾಗುತ್ತೆ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ಉತ್ತರಕ್ಕೆ, ಹಳೇ ಟ್ಯಾಪನ್ ಝೀ ಇದ್ದ ಜಾಗದ ಕ್ವೋಮೊ ಸೇತುವೆ ದಾಟಿ 287, ಅಲ್ಲಿಂದ 684, ಡ್ಯಾನ್‌ಬರಿ ಮೇಲೆ 84, ಸ್ಟರ್‌ಬ್ರಿಜ್‌ನಲ್ಲಿ 90 ಸೇರಿ. ಈ ದಾರೀಲಿ ಕಟ್ಕೊಳ್ಳೋದು ಎರಡೇ ಕಡೆ, ವಾಟರ್‌ಬರಿ ಮತ್ತೆ ಹಾರ್ಟ್‌ಫರ್ಡ್. ಸ್ಟರ್‌ಬ್ರಿಜ್ ಆಚೆ ಟೋಲ್ ಬೂತೇ ಇಲ್ಲ, ದುಡ್ಡು ತಾನಾಗೇ ಕಟ್ ಆಗುತ್ತೆ, ಈಝೀಪಾಸ್ (ನಮ್ಮ ಫಾಸ್ಟ್‌ಟ್ಯಾಗ್ ಥರದ್ದು) ಕಾರಲ್ಲಿರಲಿ. ನವೆಂಬರ್ ಜಿಂಕೆಗಳು ಬೆದೆಗೆ ಬರೋ ಕಾಲ, 684 ಮತ್ತೆ 84ರಲ್ಲಿ ಬೆಳಕು ಹರಿಯೋ ಮುಂಚೆ ಧುತ್ತಂತ ಅಡ್ಡ ಬರ್ತವೆ. ವಾಪಸ್ ಬರೋದು ಶನಿವಾರ ಇಟ್ಕೊಳ್ಳಿ. ಭಾನುವಾರ ಮಧ್ಯಾಹ್ನ ಅಂದ್ರೆ ಏಳೆಂಟು ಗಂಟೆ ಆದ್ರೂ ಆಶ್ಚರ್ಯ ಇಲ್ಲ.

ಪೈನ ಸೀಟ್ ಮೇಲೆ ಇಡ್ಬೇಡಿ, ಸೀಟು ಹಿಂದಕ್ಕೆ ಇಳಿಜಾರು. ಡಿಕ್ಕಿಯ ಸಮತಟ್ಟು ನೆಲದ ಮೇಲೆ, ಕೆಳಗೆ ಕಪಾಟಿಗೆ ಹಾಸೋ ರಬ್ಬರ್ ಜಾಲರಿ ಹಾಸಿ. ಇನ್ನೊಂದು, ಮ್ಯಾಸಚೂಸೆಟ್ಸ್‌ನಲ್ಲಿ ಕಾನೂನು ಪ್ರಕಾರ ಥ್ಯಾಂಕ್ಸ್‌ಗಿವಿಂಗ್ ದಿನ ದೊಡ್ಡ ದಿನಸಿ ಅಂಗಡಿಗಳು ತೆರೆಯೋ ಹಾಗಿಲ್ಲ. ಅಲ್ಲಿ ಹೋಗಿ ತಗೊಂಡ್ರಾಯ್ತು ಅಂತ ಏನನ್ನೂ ಬಿಡ್ಬೇಡಿ.

ಸಕ್ಕರೆಪಾಕ:

ಒಲೆಮುಂದೆ ಅವರ ಮಾತಿಗೆ ಒಂದು ತಕರಾರು. ಅಮೆರಿಕದ ಇಬ್ಬರು ಅತಿಥಿಗಳಿಗೆ ಮೊಟ್ಟೆ ಹಾಕಿದ ಪಂಪ್‌ಕಿನ್ ಪೈಯೇ ಬೇಕು. ಕಾರ್ನ್‌ಸ್ಟಾರ್ಚ್‌ನದು ಚೆನ್ನಾಗಿರುತ್ತೆ, ಆದರೆ ಅದು ಬೇರೆಯೇ ಸಿಹಿ, ಅವರ ನಾಲಿಗೆಗೆ ಗೊತ್ತಾಗಿಬಿಡುತ್ತೆ. 12 ಜನಕ್ಕೆ ಮೂರು ಪೈ ಹೆಚ್ಚೇನಲ್ಲ, ಮರುದಿನ ಬೆಳಗ್ಗೆ ಕಾಫಿ ಜೊತೆ ಖಾಲಿ ಆಗುತ್ತೆ. ಹಾಗೇ ಅರ್ಧ ಬೇಯಿಸಿದ ಇನ್ನೊಂದು ಹಾಳೆಗೆ (ಹಿಟ್ಟು ಆಗ ಒಟ್ಟು ಎರಡು ಪಾಲು ಬೇಕು) 425 ಗ್ರಾಂ ಪ್ಯೂರಿ, 12 ಔನ್ಸ್ ಇವಾಪೊರೇಟೆಡ್ ಮಿಲ್ಕ್, 2 ಮೊಟ್ಟೆ, ಮುಕ್ಕಾಲು ಕಪ್ ಸಕ್ಕರೆ, ಮಸಾಲೆ ಮೇಲೆ ಹೇಳಿದಷ್ಟೇ. 425ರಲ್ಲಿ 15 ನಿಮಿಷ, 350ರಲ್ಲಿ 40ರಿಂದ 50. ನಡುವೆ ಎರಡು ಇಂಚಿನಷ್ಟು ಇನ್ನೂ ನಡುಗುತ್ತಿರುವಾಗಲೇ ತೆಗೆಯಿರಿ, ಬಿಸಿಗೆ ತಾನೇ ಕಟ್ಟಿಕೊಳ್ಳುತ್ತೆ. ಹೆಚ್ಚು ಬೆಂದರೆ ನಡುವೆ ಬಿರುಕು. ಎರಡು ಪಂಪ್‌ಕಿನ್ ಪೈಗೂ ಚೀಟಿ ಅಂಟಿಸಿ, ಚಾಕು ಬೇರೆ ಬೇರೆ ಇಡಿ. ಮೊಟ್ಟೆ ಮುಟ್ಟದವರಿಗೆ ಅದೇ ಮುಖ್ಯ.

ತಟ್ಟೆ ಬಗ್ಗೆ: ಲೋಹದ್ದು ಒಳ್ಳೆಯದು, ತಳ ಬೇಗ ಕೆಂಪಗಾಗುತ್ತೆ. ಗಾಜಿನದನ್ನು ಫ್ರಿಜ್‌ನಿಂದ ನೇರ ಬಿಸಿ ಓವನ್‌ಗೆ ಇಟ್ಟರೆ ಒಡೆಯುವ ಅಪಾಯ. ಬಿಸಾಡುವ ಅಲ್ಯೂಮಿನಿಯಂ ತಟ್ಟೆ ಎತ್ತುವಾಗ ಬಳುಕಿ ಪೈ ಸೀಳುತ್ತೆ, ಕೆಳಗೆ ಗಟ್ಟಿ ಟ್ರೇ ಬೇಕು.

ವಿಮಾನದವರಿಗೆ: ಪೈ, ಮೈಸೂರು ಪಾಕ್, ಒಬ್ಬಟ್ಟು ಎಲ್ಲ ಕೈಚೀಲದಲ್ಲೇ ಒಯ್ಯಬಹುದು. ಗೊಜ್ಜು, ಕ್ರ್ಯಾನ್‌ಬೆರಿ ಸಾಸ್, ಪಾಯಸ ಇವು ದ್ರವದ ಲೆಕ್ಕ, 100 ಮಿಲಿ ಮೀರಿದರೆ ಭದ್ರತಾ ತಪಾಸಣೆಯಲ್ಲೇ ಹೋಯಿತು, ಚೆಕ್ಇನ್ ಪೆಟ್ಟಿಗೆಗೆ ಹಾಕಬೇಕು. ನನ್ನ ಸಲಹೆ ಕೇಳಿದರೆ ಅವರು ಒಬ್ಬಟ್ಟು ತರಲಿ. ಕ್ರ್ಯಾನ್‌ಬೆರಿ ಗೊಜ್ಜು ಅಲ್ಲೇ 15 ನಿಮಿಷದ ಕೆಲಸ: 12 ಔನ್ಸ್ ಹಣ್ಣು, 150 ಗ್ರಾಂ ಬೆಲ್ಲ, ಅರ್ಧ ಕಪ್ ನೀರು, ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ. ಹುಣಸೆಹಣ್ಣು ಬೇಕಿಲ್ಲ.

ಸಸ್ಯಾಹಾರಿಗಳು ನೋಡಬೇಕಾದದ್ದು: ಸ್ಟಫಿಂಗ್‌ನಲ್ಲಿ (ಟರ್ಕಿ ಕೋಳಿಯ ಜೊತೆ ಬಡಿಸುವ ಬ್ರೆಡ್ ಖಾದ್ಯ) ಸಾಮಾನ್ಯವಾಗಿ ಕೋಳಿಯ ಸಾರು, ಸಿಹಿಗೆಣಸಿನ ಮೇಲಿನ ಮಾರ್ಷ್‌ಮೆಲೋದಲ್ಲಿ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಟಿನ್, ಅಂಗಡಿಯ ಕೆಲವು ಸಿದ್ಧ ಪೈ ಹಾಳೆಗಳಲ್ಲಿ ಹಂದಿಕೊಬ್ಬು. ಲೇಬಲ್ ಓದಿ.

ತುಂಗಾತೀರ:

ಕೃತಜ್ಞತೆಯ ಸುತ್ತು ಊಟಕ್ಕೆ ಮುಂಚೆ ಬೇಡ. ಬಿಸಿ ಊಟ ಮುಂದಿಟ್ಟುಕೊಂಡು ಹನ್ನೆರಡು ಜನರ ಮಾತು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ, ಕೊನೆಯವರು ಮುಗಿಸುವಷ್ಟರಲ್ಲಿ ಎಲ್ಲವೂ ತಣ್ಣಗಾಗಿರುತ್ತದೆ. ಪೈ ಹಂಚುವಾಗ ಇಟ್ಟುಕೊಳ್ಳಿ. ಬಂದ ಕೂಡಲೇ ಹೆಸರಿನ ಚೀಟಿ ಎತ್ತಿಸಿ, ತಮಗೆ ಬಂದ ಹೆಸರಿನವರು ಈ ವರ್ಷ ಮಾಡಿದ ಒಂದು ನಿರ್ದಿಷ್ಟ ಉಪಕಾರವನ್ನು ಒಂದೇ ವಾಕ್ಯದಲ್ಲಿ ಬರೆಯಲು ಹೇಳಿ. ‘ಜ್ವರ ಬಂದಾಗ ಮೂರು ದಿನ ತಿಳಿಸಾರು ಕಳಿಸಿದ್ದು’ ಅನ್ನುವ ಥರದ್ದು. ಪರಿಚಯವಿಲ್ಲದವರ ಹೆಸರು ಬಂದರೆ ಚೀಟಿ ಬದಲಿಸಿಕೊಳ್ಳಲಿ. ಬೇಡ ಎಂದವರನ್ನು ಒತ್ತಾಯಿಸಬೇಡಿ.

ಒಂದು ಎಚ್ಚರ. ‘ಕೆಲಸ ಇದೆ, ವೀಸಾ ಇದೆ, ಅದಕ್ಕೆ ಧನ್ಯ’ ಎಂಬ ದಿಕ್ಕಿಗೆ ಮಾತು ಹೋಗದಂತೆ ನೋಡಿಕೊಳ್ಳಿ. ಎಚ್1ಬಿ ವೀಸಾದಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನದ ಗಡುವು. ಮೇಜಿನಲ್ಲಿ ಯಾರೋ ಒಬ್ಬರು ಅದನ್ನೇ ಎಣಿಸುತ್ತಾ ಕೂತಿರಬಹುದು, ಬಾಯಿಬಿಟ್ಟು ಹೇಳಿರುವುದಿಲ್ಲ. ಆತಿಥ್ಯ ಕೊಟ್ಟವರಿಗೆ ಅತಿ ದೊಡ್ಡ ಧನ್ಯವಾದ ಎಂದರೆ ಪಾತ್ರೆ. ಊಟಕ್ಕೆ ಮುಂಚೆಯೇ ಇಬ್ಬರ ಹೆಸರು ಗೊತ್ತು ಮಾಡಿಬಿಡಿ.

ಶುಕ್ರವಾರ ಬಿಡುವಿದ್ದರೆ ಪ್ಲಿಮತ್‌ಗೆ ಹೋಗಿಬನ್ನಿ, ವೆಸ್ಟ್‌ಬರೋದಿಂದ ಸುಮಾರು 60 ಮೈಲಿ. 1621ರಲ್ಲಿ ಐವತ್ತರಷ್ಟು ಇಂಗ್ಲಿಷ್ ವಲಸಿಗರು ಮತ್ತು ಅಲ್ಲಿನ ಮೂಲನಿವಾಸಿಗಳಾದ 90 ವಾಂಪನೋಗ್ ಗಂಡಸರು ಮೂರು ದಿನ ಜೊತೆಗೆ ಉಂಡ ಊರು; ಈ ಹಬ್ಬದ ಮೂಲ ಎಂದು ಹೇಳುವುದು ಆ ಊಟವನ್ನೇ. ಬೆಣ್ಣೆ, ಗೋಧಿಹಿಟ್ಟು ಇಲ್ಲದ ಆ ಊಟದಲ್ಲಿ ಪೈ ಇರಲಿಲ್ಲ. ಇದೇ ಊರಿನ ಕೋಲ್ಸ್ ಹಿಲ್‌ನಲ್ಲಿ 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ. ಮಕ್ಕಳನ್ನು ಕರೆದೊಯ್ಯುವುದಾದರೆ ಎರಡನ್ನೂ ಹೇಳಿ. ಆ ವಲಸಿಗರು ಬಂದಿಳಿದ ಜಾಗ ಎಂದು ಹೇಳುವ ಅಲ್ಲಿನ ಪ್ರಸಿದ್ಧ ಬಂಡೆ ಮಾತ್ರ ತೀರಾ ಚಿಕ್ಕದು, ದೊಡ್ಡ ನಿರೀಕ್ಷೆ ಬೇಡ.

ಬಜ್ಜಿಬೋಂಡಾ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ಪೈ, ಗುರುವಾರ ಬೆಳಗ್ಗೆ 6ಕ್ಕೆ ಹೊರಡೋದು ಅಂತ ಗೊತ್ತು ಮಾಡಿದ್ದೇವೆ. ಎರಡು ಸಂಶಯ. ಆಪಲ್ ಪೈ ಅಲ್ಲಿ ಬಿಸಿ ಮಾಡೋದು ಯಾವಾಗ, ಓವನ್‌ನಲ್ಲಿ ಟರ್ಕಿ ಇರುತ್ತಲ್ಲ? ಕ್ರೀಮ್ ಇಲ್ಲೇ ನೊರೆ ಬರಿಸಿ ಒಯ್ಯಬಹುದಾ?

ಒಲೆಮುಂದೆ:

ಟರ್ಕಿ ಓವನ್‌ನಿಂದ ತೆಗೆದ ಮೇಲೆ ಕತ್ತರಿಸುವ ಮುಂಚೆ ಅರ್ಧ ಗಂಟೆಯಾದರೂ ಹಾಗೇ ಬಿಡುತ್ತಾರೆ. ಆಗ ಓವನ್ ಖಾಲಿ, 300ಕ್ಕೆ ಇಳಿಸಿ ಪೈಯನ್ನು 20 ನಿಮಿಷ ಇಡಿ. ಟರ್ಕಿ ತಟ್ಟೆಯ ಕೊಬ್ಬು ಓವನ್ ತಳಕ್ಕೆ ಚೆಲ್ಲಿದ್ದರೆ ಮೊದಲು ಒರೆಸಿ, ಇಲ್ಲದಿದ್ದರೆ ಹೊಗೆ ವಾಸನೆ ಪೈಗೆ ಹತ್ತುತ್ತೆ. ಮಾಂಸದ ವಾಸನೆಯೇ ಬೇಡ ಅನ್ನುವವರಿದ್ದರೆ ಬಿಸಿ ಮಾಡದೆ ಹಾಗೇ ಬಡಿಸಿ, ಆಪಲ್ ಪೈ ತಣ್ಣಗಿದ್ದರೂ ರುಚಿ.

ಕ್ರೀಮ್ ನೊರೆ ಬರಿಸಿ ಒಯ್ದರೆ ದಾರಿಯಲ್ಲೇ ನೀರು ಬಿಡುತ್ತೆ. ಹೆವಿ ಕ್ರೀಮ್ ಪೆಟ್ಟಿಗೆಯನ್ನು ಕೂಲರ್‌ನ ತಳದಲ್ಲಿ ಹಾಗೇ ಇಡಿ, ಸಕ್ಕರೆ ಪುಡಿ ಕಟ್ಟಿಕೊಳ್ಳಿ. 1 ಕಪ್‌ಗೆ 2 ಟೇಬಲ್ ಚಮಚ. ಬಡಿಸುವ ಹತ್ತು ನಿಮಿಷ ಮುಂಚೆ ಬಟ್ಟಲು, ಬೀಟರ್ ಎರಡನ್ನೂ ಫ್ರೀಜರ್‌ಗೆ ಹಾಕಿ ಆಮೇಲೆ ಬಡಿಯಿರಿ. ಮೂರು ಪೈಗೆ 2 ಕಪ್ ಕ್ರೀಮ್ ಬೇಕು, ಬುಧವಾರವೇ ಎಡಿಸನ್‌ನಲ್ಲೇ ಕೊಂಡುಬಿಡಿ.