ಬಾಟಲಿ ಬಿಟ್ಟು ಕೆಗ್‌ಗೆ: ಮನೆ ಬಿಯರಿಗೆ ಗ್ಯಾಸ್ ಹಿಡಿಸಿದವರು ಅನುಭವ ಹೇಳಿ

ಕೇಳಿದವರು: ಕ್ಯಾರಿ, ನಾರ್ತ್ ಕೆರೊಲಿನಾ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಿಯರ್ ಮಾಡುವ ಹುಚ್ಚು ಹತ್ತಿ ಒಂದಷ್ಟು ಕಾಲವಾಯಿತು. ಇಲ್ಲಿಯವರೆಗೆ ಸಕ್ಕರೆ ಹಾಕಿ ಬಾಟಲಿಗೆ ತುಂಬಿ ಮುಚ್ಚಳ ಒತ್ತುತ್ತಿದ್ದೆ. ಪ್ರತಿ ಸಲ ಐವತ್ತು ಚಿಲ್ಲರೆ ಬಾಟಲಿ ತೊಳೆದು ಸಾಕಾಗಿದೆ. ಈಗ ಈ ಹವ್ಯಾಸ ಬಿಟ್ಟ ಒಬ್ಬರಿಂದ 5 ಗ್ಯಾಲನ್‌ನ ಹಳೇ ಬಾಲ್ ಲಾಕ್ ಕೆಗ್ (ಬಿಯರ್ ತುಂಬಿಡುವ ಸ್ಟೀಲ್ ಡಬ್ಬ) ಎರಡು, 5 ಪೌಂಡಿನ ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ಗ್ಯಾಸಿನ ಪ್ರೆಷರ್ ಹೊಂದಿಸುವ ರೆಗ್ಯುಲೇಟರ್, ಹಿಂಡಿದರೆ ಬಿಯರ್ ಬಿಡುವ ಒಂದು ಪಿಕ್ನಿಕ್ ಟ್ಯಾಪ್ ಸಿಕ್ಕಿವೆ. ಗ್ಯಾರೇಜಿನಲ್ಲಿ ಹಳೇ ಫ್ರಿಜ್ ಇದೆ. ಪೇಲ್ ಏಲ್ ಅನ್ನೋ ಬಗೆಯ ಬಿಯರ್ ಒಂದು ಹುದುಗಿ ಮುಗಿಯುತ್ತಾ ಬಂದಿದೆ.

ಪ್ರೆಷರ್ ಎಷ್ಟಿಡಬೇಕು, ಎಷ್ಟು ದಿನ? ಅಲ್ಲಾಡಿಸಿದರೆ ಒಂದೇ ಗಂಟೆ ಸಾಕು ಎನ್ನುವವರೂ ಇದ್ದಾರೆ, ಎರಡು ವಾರ ಮುಟ್ಟಲೇಬೇಡಿ ಎನ್ನುವವರೂ ಇದ್ದಾರೆ. ಗ್ಲಾಸ್ ತುಂಬ ಬರೀ ನೊರೆ ಬರುತ್ತದೆ ಅಂತ ಹೆದರಿಸುವವರು ಬೇರೆ. ದೀಪಾವಳಿಗೆ ಸ್ನೇಹಿತರು ಬರುತ್ತಾರೆ, ಇನ್ನೂ ಮೂರು ವಾರ ಟೈಮ್ ಇದೆ. ಮಾಡಿ ನೋಡಿದವರು ಹೇಳಿ.

ಪೋರ್ಟ್‌ಲ್ಯಾಂಡ್, ಓರೆಗನ್

ಮೂರು ವಾರ ಇದೆ ಅಂದಮೇಲೆ ಯೋಚನೆಯೇ ಬೇಡ. ಬಿಯರ್ ತಣ್ಣಗೆ ಮಾಡಿ. ಕುಡಿಯುವಾಗ ಎಷ್ಟು ಪ್ರೆಷರ್ ಇಡುತ್ತೀರೋ ಅಷ್ಟಕ್ಕೇ ರೆಗ್ಯುಲೇಟರ್ ತಿರುಗಿಸಿ. ಫ್ರಿಜ್ ಬಾಗಿಲು ಹಾಕಿ, ಮರೆತುಬಿಡಿ. 38 ಡಿಗ್ರಿ ಫ್ಯಾರನ್‌ಹೀಟಿನಲ್ಲಿ 11–12 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಪ್ರೆಷರ್ ಅಳತೆ). ಹತ್ತು ದಿನಕ್ಕೆ ಕುಡಿಯಬಹುದು, ಎರಡು ವಾರಕ್ಕೆ ಚೆನ್ನಾಗಿ ಕೂತಿರುತ್ತದೆ.

ತಣ್ಣಗಿದ್ದಷ್ಟೂ ಬಿಯರ್ ಹೆಚ್ಚು ಗ್ಯಾಸ್ ಹಿಡಿದುಕೊಳ್ಳುತ್ತದೆ. ಅದೇ ಕೆಗ್ಗನ್ನು 68 ಡಿಗ್ರಿಯ ರೂಮಿನಲ್ಲಿಟ್ಟರೆ ಅಷ್ಟೇ ಗ್ಯಾಸ್ ಹಿಡಿಸಲು 30 ಪಿಎಸ್‌ಐ ಹತ್ತಿರ ಬೇಕು. ಹಾಗಾಗಿ ‘ಎಷ್ಟು ಪ್ರೆಷರ್’ ಅಂತ ಕೇಳಿದಾಗ ‘ಎಷ್ಟು ಡಿಗ್ರಿ’ ಅಂತ ತಿರುಗಿ ಕೇಳದೆ ಉತ್ತರ ಕೊಡುವವರನ್ನು ನಂಬಬೇಡಿ. ಹಳೇ ಫ್ರಿಜ್ಜಿನ ಡಯಲ್ಲನ್ನೂ ನಂಬಬೇಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಒಳಗಿಡಿ, ಬೆಳಿಗ್ಗೆ ನೋಡಿ. ಅದೇ ನಿಮ್ಮ ಬಿಯರಿನ ನಿಜವಾದ ಡಿಗ್ರಿ.

ಗ್ಯಾಸ್ ಅಳೆಯುವುದು ವಾಲ್ಯೂಮ್ ಲೆಕ್ಕದಲ್ಲಿ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ 1 ವಾಲ್ಯೂಮ್, ತೂಕದಲ್ಲಿ ಹೆಚ್ಚು ಕಡಿಮೆ 2 ಗ್ರಾಂ. ಪೇಲ್ ಏಲ್‌ಗೆ 2.5 ಸಾಕು. ಇಂಗ್ಲಿಷ್ ಬಿಟರ್ ಆದರೆ 2ರ ಒಳಗೆ, ಜರ್ಮನಿಯ ವೀಟ್ ಬಿಯರ್ ಆದರೆ 3.5 ಆಸುಪಾಸು. ಹುದುಗಿ ಮುಗಿದ ಬಿಯರಿನಲ್ಲಿ ಆಗಲೇ 0.8ರಷ್ಟು ಇರುತ್ತದೆ, ನೀವು ತುಂಬುವುದು ಉಳಿದದ್ದು ಮಾತ್ರ.

ಅಲ್ಲಾಡಿಸುವುದು ಕೆಲಸ ಮಾಡುವುದಿಲ್ಲ ಅಂತಲ್ಲ. 30 ಪಿಎಸ್‌ಐ ಕೊಟ್ಟು ಕೆಗ್ಗನ್ನು ತೊಡೆ ಮೇಲೆ ಮಲಗಿಸಿ ಉರುಳಿಸಿದರೆ ರೆಗ್ಯುಲೇಟರಿನಿಂದ ಗ್ಯಾಸ್ ನುಗ್ಗುವ ಸದ್ದು ಕಿವಿಗೇ ಕೇಳಿಸುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಮಾತ್ರ ಗೊತ್ತಾಗುವುದಿಲ್ಲ. ತಳದಲ್ಲಿ ಕೂತಿದ್ದ ಈಸ್ಟ್ ಎಲ್ಲ ಎದ್ದು ಬಿಯರ್ ರಾಡಿಯಾಗುತ್ತದೆ, ಅದು ಮತ್ತೆ ಕೂರಲು ಹೇಗೂ ದಿನಗಟ್ಟಲೆ ಬೇಕು. ಹಾಗಿದ್ದ ಮೇಲೆ ಉಳಿಸಿದ್ದೇನು?

ಹ್ಯೂಸ್ಟನ್

ಮೇಲಿನವರು ಹೇಳಿದ್ದು ಸರಿ, ಆದರೆ ಎರಡು ವಾರ ಕಾಯುವ ತಾಳ್ಮೆ ನನಗಿಲ್ಲ. ನಡುವಿನ ದಾರಿ ಒಂದಿದೆ. ಬಿಯರ್ ಪೂರ್ತಿ ತಣ್ಣಗಾದ ಮೇಲೆ 30 ಪಿಎಸ್‌ಐ ಕೊಟ್ಟು 24 ಗಂಟೆ ಬಿಡಿ. 36 ಗಂಟೆ ದಾಟಬಾರದು. ಅಲ್ಲಾಡಿಸಬಾರದು. ಆಮೇಲೆ ಸಿಲಿಂಡರಿನ ವಾಲ್ವ್ ಮುಚ್ಚಿ, ಕೆಗ್ ಮುಚ್ಚಳದ ಮೇಲಿರುವ ಸಣ್ಣ ರಿಂಗ್ ಎಳೆದು ಒಳಗಿನ ಪ್ರೆಷರ್ ಬಿಟ್ಟು, ರೆಗ್ಯುಲೇಟರ್ 12ಕ್ಕೆ ಇಳಿಸಿ ವಾಲ್ವ್ ತೆರೆಯಿರಿ. ಇನ್ನು ನಾಲ್ಕೈದು ದಿನ. ವಾರದೊಳಗೆ ಗ್ಲಾಸಿಗೆ ಬಂದಿರುತ್ತದೆ.

ರಿಂಗ್ ಎಳೆಯುವುದನ್ನು ಮಾತ್ರ ಬಿಡಬೇಡಿ. ರೆಗ್ಯುಲೇಟರಿನ ತಿರುಪು ಹಿಂದಕ್ಕೆ ತಿರುಗಿಸಿದ ಮಾತ್ರಕ್ಕೆ ಕೆಗ್ ಒಳಗಿನ ಪ್ರೆಷರ್ ಇಳಿಯುವುದಿಲ್ಲ. ಹಳೇ ಸೆಟ್ಟಿನಲ್ಲಿ ಚೆಕ್ ವಾಲ್ವ್ (ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಇಲ್ಲದಿದ್ದರೆ ಬಿಯರ್ ಗ್ಯಾಸ್ ಪೈಪಿನೊಳಗೆ ಹಿಂದಕ್ಕೆ ಬಂದು ರೆಗ್ಯುಲೇಟರ್ ಸೇರಬಹುದು.

ಮೆಲ್ಬರ್ನ್, ಊರು ಕುಂದಾಪುರ

ಎಲ್ಲರೂ ನೇರ ಪ್ರೆಷರ್ ಲೆಕ್ಕಕ್ಕೆ ಹೋದಿರಲ್ಲ ಮಾರಾಯ್ರೆ. ಆ ಹಳೇ ಕೆಗ್ ಗ್ಯಾಸ್ ಹಿಡಿದು ನಿಲ್ಲುತ್ತದೋ ಇಲ್ಲವೋ ಮೊದಲು ನೋಡಬೇಕಲ್ವಾ? ನನ್ನ ಕೇಳಿದರೆ ಕೆಗ್ ತೊಂದರೆಗಳಲ್ಲಿ ಜಾಸ್ತಿ ಪಾಲು ರಬ್ಬರಿನದು.

ಇವು ಮೂಲದಲ್ಲಿ ಸೋಡಾ ಕಂಪನಿಗಳ ಸಿರಪ್ ಡಬ್ಬಗಳು. ಬಾಲ್ ಲಾಕ್ ಪೆಪ್ಸಿಯವರದು, ಪಿನ್ ಲಾಕ್ ಕೋಕಾಕೋಲಾದವರದು. ವರ್ಷಗಟ್ಟಲೆ ಸಿರಪ್ಪಿನಲ್ಲಿ ನೆನೆದ ರಬ್ಬರಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಹಾಗಾಗಿ ಐದೂ ಓ-ರಿಂಗ್ (ರಬ್ಬರ್ ಉಂಗುರ) ಬದಲಾಯಿಸಿ. ಮುಚ್ಚಳಕ್ಕೆ ದೊಡ್ಡದೊಂದು, ಎರಡು ಪೋಸ್ಟುಗಳ (ಕನೆಕ್ಟರ್ ಒತ್ತಿ ಕೂರಿಸುವ ಮೂತಿಗಳ) ಹೊರಗೆ ಒಂದೊಂದು, ಅವುಗಳಿಂದ ಕೆಗ್ ಒಳಗೆ ಇಳಿಯುವ ಎರಡು ಡಿಪ್ ಟ್ಯೂಬುಗಳ ಕುತ್ತಿಗೆಗೆ ಒಂದೊಂದು. ದುಬಾರಿ ಏನಲ್ಲ. ಹಾಕುವಾಗ ಆಹಾರಕ್ಕೆ ಬಳಸುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಪೋಸ್ಟ್ ಬಿಚ್ಚುವ ಮೊದಲು ರಿಂಗ್ ಎಳೆದು ಒಳಗಿನ ಪ್ರೆಷರ್ ಪೂರ್ತಿ ಬಿಟ್ಟಿರಬೇಕು, ಇಲ್ಲದಿದ್ದರೆ ಅದು ಮುಖಕ್ಕೇ ಹಾರುತ್ತದೆ. ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಬಿಯರ್ ಪೋಸ್ಟಿನಲ್ಲಿ ಇರುವುದಿಲ್ಲ. ಅದಲು ಬದಲು ಮಾಡಬೇಡಿ. ಬೂದು ಕನೆಕ್ಟರ್ ಗ್ಯಾಸಿಗೆ, ಕಪ್ಪು ಬಿಯರಿಗೆ. ಉಲ್ಟಾ ಒತ್ತಿದರೆ ಹೊರಗೆ ಬರಲು ಸ್ಪ್ಯಾನರೇ ಬೇಕಾದೀತು.

ಇನ್ನು ಸೋರಿಕೆ. ಖಾಲಿ ಕೆಗ್‌ಗೆ 30 ಪಿಎಸ್‌ಐ ಕೊಡಿ, ಮುಚ್ಚಳ ಟಕ್ ಅಂತ ಕೂರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಎಲ್ಲ ಕಡೆ ಸವರಿ. ದೊಡ್ಡ ಸೋರಿಕೆ ಆಗಲೇ ಬುರಬುರ ಅನ್ನುತ್ತದೆ. ಸಣ್ಣದು ಹಾಗಲ್ಲ. ಟಾರ್ಚ್ ಹಿಡಿದು ಮುಚ್ಚಳದ ಅಂಚನ್ನೇ ನೋಡುತ್ತಾ ಕೂರಬೇಕು. ಒಂದು ಗುಳ್ಳೆ ಏಳುತ್ತದೆ, ಒಡೆಯದೆ ಅಲ್ಲೇ ನಿಲ್ಲುತ್ತದೆ, ಅದರ ಪಕ್ಕಕ್ಕೆ ಇನ್ನೊಂದು ಅಂಟಿಕೊಳ್ಳುತ್ತದೆ. ಐದು ನಿಮಿಷಕ್ಕೆ ಅಷ್ಟೇ. ಆದರೆ ಎರಡು ವಾರದಲ್ಲಿ ಸಿಲಿಂಡರ್ ಖಾಲಿ ಮಾಡಲು ಅದು ಧಾರಾಳ ಸಾಕು. ಅಂಥ ಕಡೆ ಮುಚ್ಚಳ ತೆಗೆದು, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ನಿಲ್ಲುತ್ತದೆ. ಪೈಪಿನ ಕ್ಲಾಂಪುಗಳನ್ನೂ ಬಿಡಬೇಡಿ.

ಸಿಲಿಂಡರಿನ ಗೇಜ್ ನೋಡಿ ಗ್ಯಾಸ್ ಎಷ್ಟಿದೆ ಅಂತ ತಿಳಿಯಲು ಆಗುವುದಿಲ್ಲ. ಇದು ನಮ್ಮ ಅಡುಗೆ ಗ್ಯಾಸ್ ಇದ್ದ ಹಾಗೆ, ಒಳಗಿರುವುದು ದ್ರವ. ಕೊನೆಯ ಹನಿ ಇರುವ ತನಕ ರೂಮಿನ ಬಿಸಿಯಲ್ಲಿ 800 ಪಿಎಸ್‌ಐ ಆಸುಪಾಸು ತೋರಿಸಿ, ಆಮೇಲೆ ಒಮ್ಮೆಗೇ ಬೀಳುತ್ತದೆ. ಸಿಲಿಂಡರನ್ನೇ ಫ್ರಿಜ್ ಒಳಗಿಟ್ಟರೆ 500 ಚಿಲ್ಲರೆಗೆ ಇಳಿಯುತ್ತದೆ, ಗಾಬರಿ ಬೇಡ. ಖಾಲಿ ಸಿಲಿಂಡರಿನ ತೂಕ ಅದರ ಕುತ್ತಿಗೆ ಮೇಲೆ ಕೊರೆದಿರುತ್ತದೆ. ತಕ್ಕಡಿಯಲ್ಲಿಟ್ಟು ಕಳೆಯಿರಿ. ಒಂದು ಕೆಗ್‌ಗೆ ಗ್ಯಾಸ್ ಹಿಡಿಸಿ, ಬಿಯರನ್ನು ಪೂರ್ತಿ ಹೊರಗೆ ತಳ್ಳಲು ಹೆಚ್ಚು ಕಡಿಮೆ 130–150 ಗ್ರಾಂ ಬೇಕು. 5 ಪೌಂಡ್ ಅಂದರೆ 2.27 ಕಿಲೋ. ಗಾಳಿ ಹೊರಹಾಕುವ ಖರ್ಚು ಬಿಟ್ಟರೂ ಹತ್ತು ಕೆಗ್ ಬರಬೇಕು. ಮೂರಕ್ಕೇ ಮುಗಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಸಿಯಾಟಲ್

ನೊರೆ ವಿಷಯ ನನಗೆ ಬಿಡಿ. ಜನ ಸುಮ್ನೆ ಪ್ರೆಷರ್ ಇಳಿಸಲು ಹೋಗುತ್ತಾರೆ. ಅವತ್ತಿಗೆ ನೊರೆ ಕಡಿಮೆ ಆಗುತ್ತದೆ, ವಾರ ಕಳೆದರೆ ಬಿಯರ್ ಸಪ್ಪೆ. ಕೈ ಹಾಕಬೇಕಾದ್ದು ಪೈಪಿಗೆ.

ಪಿಕ್ನಿಕ್ ಟ್ಯಾಪ್ ಜೊತೆ ಬರುವ ಪೈಪು ಸಾಮಾನ್ಯವಾಗಿ ಮೂರ್ನಾಲ್ಕು ಅಡಿ ಇರುತ್ತದೆ. ಅಷ್ಟು ಗಿಡ್ಡ ಪೈಪಿನಲ್ಲಿ 12 ಪಿಎಸ್‌ಐ ಎಲ್ಲ ಟ್ಯಾಪಿನ ಬಾಯಲ್ಲೇ ಬಿಡುಗಡೆಯಾಗುತ್ತದೆ. ಕರಗಿದ್ದ ಗ್ಯಾಸೆಲ್ಲ ಅಲ್ಲೇ ಕಿತ್ತುಕೊಂಡು ಬರುತ್ತದೆ. 3/16 ಇಂಚು ಒಳ ಅಳತೆಯ ವಿನೈಲ್ ಪೈಪು 10 ಅಡಿ ತನ್ನಿ. ಉದ್ದಕ್ಕೂ ಉಜ್ಜಿಕೊಂಡು ಬರುವಾಗ ಪ್ರೆಷರ್ ನಿಧಾನವಾಗಿ ಇಳಿಯುತ್ತದೆ. 1/4 ಇಂಚಿನದು ತಂದರೆ ಪ್ರಯೋಜನವಿಲ್ಲ. ಇವಾಬ್ಯಾರಿಯರ್ ಅಂತ ಬರುವ 4 ಮಿಲಿಮೀಟರ್ ಪೈಪಾದರೆ ಐದಾರು ಅಡಿ ಸಾಕು, ಗಾಳಿಯನ್ನೂ ಒಳಗೆ ಬಿಡುವುದಿಲ್ಲ. ಬಿಯರ್ ತೀರಾ ಸಣ್ಣಗೆ ಬರುತ್ತಿದ್ದರೆ ಸ್ವಲ್ಪ ಕತ್ತರಿಸಬಹುದು. ಕತ್ತರಿಸಿದ್ದನ್ನು ಜೋಡಿಸಲು ಆಗುವುದಿಲ್ಲ, ಆದ್ದರಿಂದ ಉದ್ದದಿಂದ ಶುರು ಮಾಡಿ.

ಪೈಪು, ಟ್ಯಾಪ್ ಎರಡನ್ನೂ ಸುತ್ತಿ ಫ್ರಿಜ್ ಒಳಗೇ ಇಡಿ. ಹಿಂಡುವಾಗ ಟ್ಯಾಪ್ ಪೂರ್ತಿ ತೆರೆಯಿರಿ. ಹೆದರಿಕೊಂಡು ಅರ್ಧ ತೆರೆದರೆ ನೊರೆ ಇನ್ನೂ ಜಾಸ್ತಿ. ಆಮೇಲೂ ನೊರೆ ಬಂದರೆ ಪೈಪನ್ನು ಬೆಳಕಿಗೆ ಹಿಡಿದು ನೋಡಿ. ಬಿಯರ್ ನಡುನಡುವೆ ತುಂಡಾಗಿ, ಗುಳ್ಳೆಗಳು ಸಾಲಾಗಿ ನಿಂತಿದ್ದರೆ ಪೈಪು ಬೆಚ್ಚಗಿದೆ, ಇಲ್ಲವೇ ಬಿಯರಿನಲ್ಲೇ ಗ್ಯಾಸ್ ಹೆಚ್ಚಾಗಿದೆ. ಪೈಪಿನಲ್ಲಿ ತಿಳಿಯಾಗಿ ಬಂದು ಗ್ಲಾಸಿನಲ್ಲಿ ನೊರೆಯಾದರೆ ತಪ್ಪು ಟ್ಯಾಪಿನದು ಅಥವಾ ಜಿಡ್ಡು ಗ್ಲಾಸಿನದು. ಮೊದಲ ಗ್ಲಾಸ್ ಮಾತ್ರ ಏನು ಮಾಡಿದರೂ ಸ್ವಲ್ಪ ನೊರೆಯೇ. ಅದನ್ನು ಅತಿಥಿಗೆ ಕೊಡಬೇಡಿ, ನೀವೇ ಇಟ್ಟುಕೊಳ್ಳಿ.

ಗ್ಯಾಸ್ ಹೆಚ್ಚಾಗಿದ್ದರೆ ಗ್ಯಾಸ್ ಕನೆಕ್ಟರ್ ತೆಗೆದಿಟ್ಟು, ದಿನಕ್ಕೆ ನಾಲ್ಕೈದು ಸಲ ರಿಂಗ್ ಎಳೆಯಿರಿ. ಒಂದೆರಡು ದಿನದಲ್ಲಿ ದಾರಿಗೆ ಬರುತ್ತದೆ.

ಕೇಳಿದವರು

ತುಂಬ ಉಪಕಾರವಾಯಿತು. ಓ-ರಿಂಗ್, 10 ಅಡಿ ಪೈಪು ಎರಡಕ್ಕೂ ಆರ್ಡರ್ ಹಾಕಿದೆ. ಇನ್ನೆರಡು ಪ್ರಶ್ನೆ. ಕೆಗ್‌ಗೂ ಬಾಟಲಿಯ ಹಾಗೆ ಸಕ್ಕರೆ ಹಾಕಿ ಬಿಡಬಹುದಾ? ಗಾಳಿ ಸೇರಿದರೆ ಬಿಯರ್ ಕೆಡುತ್ತದೆ ಅನ್ನುತ್ತಾರಲ್ಲ, ಅದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಪೋರ್ಟ್‌ಲ್ಯಾಂಡ್, ಓರೆಗನ್

ಸಕ್ಕರೆ ಹಾಕಬಹುದು. ಬಾಟಲಿಗೆ ಹಾಕುವುದಕ್ಕಿಂತ ಕಡಿಮೆ ಹಾಕಿ, ಮುಚ್ಚಳ ಕೂರಲು ಒಮ್ಮೆ 30 ಪಿಎಸ್‌ಐ ಕೊಟ್ಟು, ರೂಮಿನಲ್ಲಿ ಎರಡು ಮೂರು ವಾರ ಬಿಡಿ. ತಳದಲ್ಲಿ ಈಸ್ಟ್ ಸೇರುತ್ತದೆ, ಮೊದಲ ಒಂದೆರಡು ಗ್ಲಾಸ್ ಚೆಲ್ಲಬೇಕು. ಫ್ರಿಜ್ಜಿನಲ್ಲಿ ಜಾಗ ಇಲ್ಲದೆ ಎರಡನೇ ಕೆಗ್ ಹೊರಗೆ ಕಾಯುತ್ತಿದ್ದರೆ ಇದು ಒಳ್ಳೆಯ ಉಪಾಯ. ನಿಮ್ಮ ಈ ಕೆಗ್‌ಗೆ ಬೇಡ. ದೀಪಾವಳಿ ಹತ್ತಿರ ಇದೆ, ಜೊತೆಗೆ ಸಿಲಿಂಡರೂ ಇದೆ.

ಗಾಳಿಗೆ ತಲೆ ಕೆಡಿಸಿಕೊಳ್ಳಲೇಬೇಕು, ಅದರಲ್ಲೂ ಹಾಪ್ಸ್ (ಕಹಿಗೆ, ಘಮಕ್ಕೆ ಹಾಕುವ ಹೂವು) ಜಾಸ್ತಿ ಹಾಕಿದ ಬಿಯರಿಗೆ. ಅಂಥದೇ ಒಂದು ಬಗೆಯಾದ ಹೇಜಿ ಐಪಿಎ ಆದರೆ ವಾರಗಳಲ್ಲಿ ಬಣ್ಣ ಕಂದಿ, ಘಮ ಹೋಗಿ, ಒದ್ದೆ ರಟ್ಟಿನ ರುಚಿ ಬರುತ್ತದೆ. ನಾನು ಮಾಡುವುದು ಇಷ್ಟು. ಸ್ಟಾರ್ ಸ್ಯಾನ್ ಅನ್ನೋ ನೊರೆ ಬರುವ ಕ್ರಿಮಿನಾಶಕ ಬೆರೆಸಿದ ನೀರನ್ನು ಕೆಗ್‌ಗೆ ಕಂಠಮಟ್ಟ ತುಂಬಿ ಮುಚ್ಚುತ್ತೇನೆ. ಗ್ಯಾಸ್ ಕೊಟ್ಟು ಅಷ್ಟನ್ನೂ ಟ್ಯಾಪಿನಿಂದ ಹೊರಗೆ ತಳ್ಳುತ್ತೇನೆ. ಆಗ ಒಳಗೆ ಉಳಿಯುವುದು ಗ್ಯಾಸ್ ಮಾತ್ರ. ಆಮೇಲೆ ಬಿಯರನ್ನು ಕಪ್ಪು ಕನೆಕ್ಟರ್ ಮೂಲಕ, ಅಂದರೆ ಉದ್ದ ಡಿಪ್ ಟ್ಯೂಬಿನಿಂದ, ತಳಕ್ಕೆ ಇಳಿಸುತ್ತೇನೆ. ಉಳಿದ ನೊರೆಗೆ ಹೆದರಬೇಡಿ, ಅದನ್ನು ತೊಳೆಯುವುದೂ ಬೇಡ. ಬ್ಲೀಚ್ ಮಾತ್ರ ಹತ್ತಿರ ತರಬೇಡಿ, ಸ್ಟೀಲಿನಲ್ಲಿ ತೂತು ಬೀಳುತ್ತದೆ.

ಕೆಗ್‌ಗೆ ಇಳಿಸುವ ಮೊದಲು ಹೈಡ್ರೋಮೀಟರ್ (ಬಿಯರಿನ ಸಾಂದ್ರತೆ ಅಳೆಯುವ ಸಾಧನ) ಎರಡು ಮೂರು ದಿನ ಒಂದೇ ಅಂಕಿ ತೋರಿಸುತ್ತಿರಬೇಕು, ಅಂದರೆ ಹುದುಗುವುದು ಮುಗಿದಿರಬೇಕು.

ಎಡಿಸನ್, ನ್ಯೂಜೆರ್ಸಿ

ಸಿಲಿಂಡರಿನ ಸುರಕ್ಷತೆ ಬಗ್ಗೆ ಯಾರೂ ಹೇಳಲಿಲ್ಲ. ಹಳೇದು ಅಂದಿರಿ, ಕುತ್ತಿಗೆಯ ಮೇಲಿನ ತಾರೀಖು ನೋಡಿ. ಇಲ್ಲಿ ಐದು ವರ್ಷಕ್ಕೊಮ್ಮೆ ಪ್ರೆಷರ್ ಟೆಸ್ಟ್ ಆಗಿರಬೇಕು, ಇಲ್ಲದಿದ್ದರೆ ತುಂಬಿಕೊಡುವುದಿಲ್ಲ. ವೆಲ್ಡಿಂಗ್ ಗ್ಯಾಸ್ ಅಂಗಡಿಗಳಲ್ಲಿ ಹಳೇದು ಕೊಟ್ಟು ತುಂಬಿದ್ದನ್ನು ತರಬಹುದು, ಟೆಸ್ಟಿನ ರಗಳೆಯೇ ಇರುವುದಿಲ್ಲ. ಕಾರಿನಲ್ಲಿ ನೇರ ನಿಲ್ಲಿಸಿ ಕಟ್ಟಿ, ಕಿಟಕಿ ಸ್ವಲ್ಪ ಇಳಿಸಿ. ಬಳಸುವಾಗಲೂ ಮಲಗಿಸಬಾರದು, ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಸಿಒ2 ಗಾಳಿಗಿಂತ ಭಾರ, ವಾಸನೆ ಇಲ್ಲ. ಗ್ಯಾರೇಜ್ ಪರವಾಗಿಲ್ಲ. ಬೇಸ್‌ಮೆಂಟಿನ ಸಣ್ಣ ಕೋಣೆಯಲ್ಲಿ ಇಡುವವರು ಅಲಾರಂ ಹಾಕಿಸಿಕೊಳ್ಳಿ. ನಮ್ಮ ಮನೆಯಲ್ಲಿ ಮಕ್ಕಳಿದ್ದಾರೆ, ನಾನು ಹಾಕಿಸಿದ್ದೇನೆ.

ಕಾನೂನಿನ ಭಯ ಇದ್ದವರಿಗೆ: ಅಮೆರಿಕದಲ್ಲಿ 1978ರ ಕಾಯ್ದೆಯಿಂದ ಸ್ವಂತಕ್ಕೆ ಬಿಯರ್ ಮಾಡಲು ಅಡ್ಡಿಯಿಲ್ಲ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ಮಾರುವಂತಿಲ್ಲ.

ಬೆಂಗಳೂರು

ಇಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವಂತಿಲ್ಲ, ಆದ್ದರಿಂದ ನಾನು ಬರೀ ಓದುಗ. ಇದೇ ಕೆಗ್ಗಿನಲ್ಲಿ ಸಾದಾ ಸೋಡಾ ಮಾಡಬಹುದಾ? ನಿಂಬೆ, ಶುಂಠಿ, ಉಪ್ಪು ಗ್ಲಾಸಿನಲ್ಲೇ ಹಾಕಿಕೊಳ್ಳುತ್ತೇವೆ.

ಸಿಯಾಟಲ್

ಧಾರಾಳವಾಗಿ. ಬಿಯರಿಗಿಂತ ಸುಲಭ. ನೀರನ್ನು 40 ಡಿಗ್ರಿ ಫ್ಯಾರನ್‌ಹೀಟಿಗೆ, ನಿಮ್ಮ ಲೆಕ್ಕದಲ್ಲಿ 4–5 ಸೆಲ್ಸಿಯಸ್‌ಗೆ ತಣ್ಣಗೆ ಮಾಡಿ 30 ಪಿಎಸ್‌ಐ ಕೊಡಿ, 4 ವಾಲ್ಯೂಮ್ ಹತ್ತಿರ ಬರುತ್ತದೆ. ಈಸ್ಟ್ ಇಲ್ಲ, ಹಾಗಾಗಿ ಎಷ್ಟು ಬೇಕಾದರೂ ಅಲ್ಲಾಡಿಸಿ. ಶುಂಠಿ, ನಿಂಬೆ ಗ್ಲಾಸಿಗೇ ಹಾಕುವುದು ಒಳ್ಳೆಯದು, ಕೆಗ್‌ಗೆ ಹಾಕಿದರೆ ಓ-ರಿಂಗುಗಳಿಗೆ ವಾಸನೆ ಹಿಡಿಯುತ್ತದೆ. ಸೋಡಾ ಹಾಯುವ ದಾರಿಯಲ್ಲಿ ಹಿತ್ತಾಳೆ, ತಾಮ್ರ ಇರಬಾರದು.

ಕ್ಯಾರಿಯವರೇ, ಎರಡನೇ ಕೆಗ್ಗನ್ನು ಸೋಡಾಗೆ ಇಡುವ ಯೋಚನೆ ಇದ್ದರೆ ಒಂದೇ ರೆಗ್ಯುಲೇಟರ್ ಸಾಲದು. ಬಿಯರಿಗೆ 12, ಸೋಡಾಗೆ 30. ಎರಡು ಪ್ರೆಷರ್ ಕೊಡುವ ರೆಗ್ಯುಲೇಟರ್ ಬೇಕು, ಸೋಡಾಗೆ 20 ಅಡಿಗಿಂತ ಉದ್ದದ ಪೈಪು ಬೇಕು.

ಕೇಳಿದವರು

ಮಕ್ಕಳಿಗೆ ಸೋಡಾ ಅಂದ ತಕ್ಷಣ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು, ಎರಡನೇ ರೆಗ್ಯುಲೇಟರಿಗೂ. ಶನಿವಾರ ಸೋಪಿನ ನೀರಿನ ಪರೀಕ್ಷೆ. ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.