ಡೇಟಾ ಆಕ್ಸೆಸ್ ಲೇಯರ್ ಬೇರೆಯೇ ಇರಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಸಗಟು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಜಾವಾ, ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್. ಸ್ಪ್ರಿಂಗ್ ಡೇಟಾ ಜೆಪಿಎ ರೆಪೊಸಿಟರಿಗಳು (ಟೇಬಲ್‌ಗಳಿಂದ ಡೇಟಾ ತರುವ, ಉಳಿಸುವ ಇಂಟರ್‌ಫೇಸ್‌ಗಳು) ಇದ್ದೇ ಇವೆ. ಅವುಗಳ ಮೇಲೆ ಪ್ರತಿ ಟೇಬಲ್‌ಗೂ ಒಂದು ಡಿಎಒ (ಡೇಟಾ ಆಕ್ಸೆಸ್ ಆಬ್ಜೆಕ್ಟ್) ಇಂಟರ್‌ಫೇಸ್, ಅದಕ್ಕೊಂದು ಇಂಪ್ಲಿಮೆಂಟೇಶನ್ ಬರೆಯಿರಿ, ನಾಳೆ ಡೇಟಾಬೇಸ್ ಬದಲಾದರೆ ಅನುಕೂಲ ಅಂತಾರೆ ನಮ್ಮ ಲೀಡ್. ಈಗ ಒಂದು ಕಾಲಂ ಸೇರಿಸೋಕೂ ನಾಲ್ಕೈದು ಫೈಲ್ ಮುಟ್ಟಬೇಕು. ಇಷ್ಟೆಲ್ಲ ಬೇಕಾ?

ಉತ್ತರ: ಲೇಯರ್, ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಕೋಡ್‌ಗೆ ಬೇರೆ ಜಾಗ, ಬೇಕು. ಆದರೆ ನಿಮ್ಮ ಲೀಡ್ ಹೇಳುತ್ತಿರುವುದು ಬೇಡ.

ಬರೀ ಜೆಡಿಬಿಸಿ (ಜಾವಾದಿಂದ ಡೇಟಾಬೇಸಿಗೆ ನೇರ ಎಸ್‌ಕ್ಯೂಎಲ್ ಕಳಿಸುವ ದಾರಿ) ಇದ್ದಾಗ ಕನೆಕ್ಷನ್ ತೆರೆಯೋದು, ರಿಸಲ್ಟ್ ಸೆಟ್‌ನಿಂದ ಒಂದೊಂದೇ ಕಾಲಂ ತೆಗೆದು ಆಬ್ಜೆಕ್ಟ್‌ಗೆ ತುಂಬೋದು, ಕೊನೆಗೆ ಮರೆಯದೆ ಮುಚ್ಚೋದು ಎಲ್ಲವನ್ನೂ ಕೈಯಲ್ಲೇ ಬರೆಯಬೇಕಿತ್ತು. ಅದನ್ನು ಡಿಎಒ ಒಳಗೆ ಇಟ್ಟಿದ್ದು ಸರಿಯೇ. ಈಗ ಆ ಕೆಲಸವನ್ನು ಜೆಪಿಎ ಹಿಂದಿರುವ ಹೈಬರ್ನೇಟ್ ಮಾಡುತ್ತದೆ. ಸ್ಪ್ರಿಂಗ್ ಡೇಟಾದಲ್ಲಿ ಇಂಟರ್‌ಫೇಸ್ ಬರೆದರೆ ಸಾಕು, ಇಂಪ್ಲಿಮೆಂಟೇಶನ್ ಅದೇ ಕೊಡುತ್ತದೆ. ಅದರ ಮೇಲೆ, ಬಂದ ಸೇವ್ ಅನ್ನು ಹಾಗೇ ಕೆಳಗಿನ ಸೇವ್‌ಗೆ ದಾಟಿಸುವ ಕ್ಲಾಸ್ ಇಟ್ಟರೆ ಏನು ಸಿಕ್ಕಿತು?

ಡೇಟಾಬೇಸ್ ಬದಲಾಯಿಸುವ ಮಾತು ನನಗೆ ಒಪ್ಪಿಗೆಯಾಗಲ್ಲ. ಆರಕಲ್‌ನಲ್ಲಿ ಖಾಲಿ ಸ್ಟ್ರಿಂಗ್ ಅಂದರೆ ನಲ್, ಪೋಸ್ಟ್‌ಗ್ರೆಸ್‌ನಲ್ಲಿ ಅಲ್ಲ. ಇಂಥ ವ್ಯತ್ಯಾಸವನ್ನು ಯಾವ ಇಂಟರ್‌ಫೇಸೂ ಮುಚ್ಚಿಡಲ್ಲ.

ಲೇಯರ್ ನಿಜವಾಗಿ ಬೇಕಾಗೋದು ಕ್ವೆರಿಗಳಿಗೆ. ಬಾಕಿ ಬಿಲ್‌ಗಳ ಪಟ್ಟಿ ತಗೊಳ್ಳಿ. ಸರ್ವೀಸ್ ಕ್ಲಾಸಿನಲ್ಲಿ 200 ಬಿಲ್ ತಂದು, ಲೂಪ್ ಹಾಕಿ, ಒಂದೊಂದರ ಐಟಂಗಳನ್ನು ಕೇಳಿದಿರಿ. ಲೇಜಿ ಲೋಡಿಂಗ್ (ಕೇಳಿದಾಗ ಮಾತ್ರ ತರುವುದು) ಇದ್ದು, ಬ್ಯಾಚ್ ಸೈಜ್ (ಒಮ್ಮೆಗೆ ಎಷ್ಟು ಬಿಲ್‌ಗಳ ಐಟಂ ತರಬೇಕು ಅನ್ನೋದು) ಇಡದಿದ್ದರೆ 201 ಕ್ವೆರಿ ಹೋಗುತ್ತವೆ: ಪಟ್ಟಿಗೆ ಒಂದು, ಬಿಲ್‌ಗೊಂದರಂತೆ 200. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹತ್ತೇ ಬಿಲ್ ಇರೋದರಿಂದ ಗೊತ್ತೇ ಆಗಲ್ಲ, ಗ್ರಾಹಕರ ಕಡೆ ಸ್ಕ್ರೀನ್ ತೆರೆಯೋಕೆ ತಡವಾದಾಗಲೇ ಫೋನ್ ಬರೋದು. ಬಿಲ್ ಜೊತೆಗೇ ಐಟಂಗಳನ್ನೂ ತರುವ ಜಾಯಿನ್ ಫೆಚ್ ಹಾಕಿದರೆ ಒಂದೇ ಕ್ವೆರಿ. ಅದು ‘ಬಾಕಿ ಇರುವ ಬಿಲ್‌ಗಳು’ ಅನ್ನೋ ಅರ್ಥದ ಹೆಸರಲ್ಲಿ ರೆಪೊಸಿಟರಿಯೊಳಗೆ ಇದ್ದರೆ ಒಂದು ಕಡೆ ತಿದ್ದಿದರೆ ಆಯಿತು. ಹತ್ತು ಸರ್ವೀಸ್‌ಗಳಲ್ಲಿ ಚದುರಿದ್ದರೆ ಹುಡುಕಿ ಹುಡುಕಿ ತಿದ್ದಬೇಕು.

ಇನ್ನೊಂದು, ಟೇಬಲ್‌ಗೊಂದು ರೆಪೊಸಿಟರಿ ಬೇಡ. ಬಿಲ್ ಐಟಂ ಒಂಟಿಯಾಗಿ ಬದುಕಲ್ಲ, ಅದನ್ನು ಬಿಲ್ ಮೂಲಕವೇ ಸೇರಿಸಿ, ತೆಗೆಯಿರಿ. ಜಿಎಸ್‌ಟಿ ಲೆಕ್ಕ, ಸಾಲದ ಮಿತಿ ಇವೆಲ್ಲ ಬಿಲ್, ಗ್ರಾಹಕ ಕ್ಲಾಸುಗಳಲ್ಲೇ ಇರಲಿ. ಅವನ್ನು ಕ್ವೆರಿಯೊಳಗೆ ತುರುಕಿದರೆ ಆಬ್ಜೆಕ್ಟ್‌ಗಳು ಬರೀ ಕಾಲಂ ಹೊರುವ ಚೀಲಗಳಾಗುತ್ತವೆ.

ಮತ್ತೊಬ್ಬರ ಪ್ರಶ್ನೆ: ಟೆಸ್ಟ್‌ನಲ್ಲಿ ಮಾಕ್ ಮಾಡೋಕಾದರೂ (ನಿಜವಾದದ್ದರ ಬದಲು ನಕಲಿ ಇಡೋಕೆ) ಡಿಎಒ ಬೇಕಲ್ವಾ ಮೇಡಂ?

ಉತ್ತರ: ಸ್ಪ್ರಿಂಗ್ ಡೇಟಾ ರೆಪೊಸಿಟರಿಯೇ ಇಂಟರ್‌ಫೇಸ್, ಅದನ್ನೇ ಮಾಕ್ ಮಾಡಿ. ಆದರೆ ಮಾಕ್ ಮಾಡಿದರೆ ಕ್ವೆರಿ ಸರಿಯಿದೆಯಾ ಅಂತ ಗೊತ್ತಾಗಲ್ಲ. ಅದಕ್ಕೆ ಟೆಸ್ಟ್‌ಕಂಟೇನರ್ಸ್ ಲೈಬ್ರರಿ ಬಳಸಿ ಡಾಕರ್‌ನಲ್ಲಿ ನಿಜವಾದ ಪೋಸ್ಟ್‌ಗ್ರೆಸ್ ಎಬ್ಬಿಸಿ ಓಡಿಸಿ. ಟೆಸ್ಟ್‌ಗೆ ಬಳಸುವ ಚಿಕ್ಕ ಡೇಟಾಬೇಸ್ ಎಚ್2ನಲ್ಲಿ ಪಾಸಾದದ್ದು ಪೋಸ್ಟ್‌ಗ್ರೆಸ್‌ನಲ್ಲಿ ಫೇಲ್ ಆಗಬಹುದು.

ಮೊದಲು ಕೇಳಿದವರು: ತಿಂಗಳ ಮಾರಾಟದ ರಿಪೋರ್ಟ್‌ಗೂ ಎಂಟಿಟಿ (ಟೇಬಲ್‌ಗೆ ಹೊಂದಿಸಿದ ಕ್ಲಾಸ್) ಮೂಲಕವೇ ಹೋಗಬೇಕಾ?

ಉತ್ತರ: ಬೇಡ. ಅಲ್ಲಿ ಬೇಕಿರೋದು ಒಟ್ಟು ಮೊತ್ತಗಳು, ಆಬ್ಜೆಕ್ಟ್‌ಗಳಲ್ಲ. ಸ್ಪ್ರಿಂಗ್‌ನ ಜೆಡಿಬಿಸಿ ಟೆಂಪ್ಲೇಟ್‌ನಲ್ಲಿ ನೇರ ಎಸ್‌ಕ್ಯೂಎಲ್ ಬರೆಯಿರಿ, ರಿಪೋರ್ಟ್‌ಗಳಿಗೆ ಬೇರೆ ಕ್ಲಾಸ್ ಇಡಿ. ಲೀಡ್ ಒಪ್ಪದಿದ್ದರೆ ಒಂದು ಮಾಡ್ಯೂಲ್‌ನಲ್ಲಿ ಆ ಡಿಎಒಗಳನ್ನು ತೆಗೆದು ತೋರಿಸಿ.